ಹೆಂಚಿನ ಕೈ

ಮಂಗಳೂರಿನಲ್ಲಿ ನಾಲ್ಕು ತಲೆಮಾರಿನಿಂದ ನಮ್ಮ ಮನೆತನಕ್ಕೆ ಮರ್ಯಾದೆ ಇದೆ. ನಮ್ಮ ಮನೆಯ ಕೆಲಸದವರನ್ನು ಯಾರೂ ಹೀಗಳೆದದ್ದಿಲ್ಲ. ಕಳೆದ ಭಾನುವಾರ ಕ್ಲಬ್ಬಿನ ಗಂಡಸರ ಬೇಸ್‌ಬಾಲ್ ತಂಡದ ಕಪ್ತಾನ ಮಥಾಯಸ್ ಹೀಗಳೆದರು.

ಅವರ ತಂಡದೆದುರು ಆಡಬೇಕಿದ್ದ ನಮ್ಮ ಮಹಿಳಾ ತಂಡದಲ್ಲಿ ಚೆಂಡೆಸೆಯುವವಳ ಭುಜ ಉಳುಕಿತ್ತು. ಬದಲಿಗೆ ನಮ್ಮ ಮಾಡಿಗೆ ಹೆಂಚು ಎಸೆದುಕೊಡುವ ಹೆಂಗಸನ್ನು ನಿಲ್ಲಿಸಿದೆ.

"ಹೆಂಚಿನವಳಾ?" ಮಥಾಯಸ್ ನಕ್ಕರು. "ಮೂರೇ ಎಸೆತ. ನಾನು ಔಟಾಗದಿದ್ದರೆ ನಿಮ್ಮ ತಂಡ ಇನ್ನು ಈ ಮೈದಾನಕ್ಕೆ ಕಾಲಿಡಬಾರದು!"

"ಆಯಿತು ಧನಿಗಳೇ," ಎಂದಳು ಅವಳು. "ನೀವು ಜೋರಾಗಿ ಬೀಸಿ."

ಕೆಳಗಿನಿಂದ ಎಸೆದ ಹೆಂಚು ಮಾಡಿನ ಮೇಲಿರುವ ಮೇಸ್ತ್ರಿಯ ಕೈಯ ಹತ್ತಿರ ಗಳಿಗೆ ಹೊತ್ತು ನಿಂತಂತಾಗಬೇಕು. ಅವಳು ಚೆಂಡನ್ನೂ ಹಾಗೆಯೇ ಎಸೆದಳು. ಅದು ತೇಲಿ ಬರುವಷ್ಟರಲ್ಲಿ ಮಥಾಯಸ್ ಬ್ಯಾಟು ಬೀಸಿ ಮುಗಿಸಿದ್ದರು. ಎರಡನೆಯದಕ್ಕೂ ಅದೇ ಗತಿ. ಮೂರನೆಯದಕ್ಕೆ ಹಲ್ಲು ಕಚ್ಚಿ ಕಾದರು. ಅವಳು ಒಡೆದ ಹೆಂಚು ಬಿಸಾಡುವ ಹಾಗೆ ರಪ್ಪನೆ ಎಸೆದಳು. ಚೆಂಡು ದಾಟಿಹೋದ ಮೇಲೆ ಅವರು ಬ್ಯಾಟು ಬೀಸಿದರು. ಬೇಸ್‌ಬಾಲ್‌ನಲ್ಲಿ ಮೂರು ಸಲ ಬೀಸಿ ತಪ್ಪಿದರೆ ಔಟು.

"ಇದು ಎಸೆಯುವ ಕ್ರಮವೇ ಅಲ್ಲ!" ಮಥಾಯಸ್ ಕಿರುಚಿದರು. "ಇದನ್ನು ಹೊಡೆಯುವುದಿರಲಿ, ಹಿಡಿಯಲಿಕ್ಕಾದರೂ ಯಾರಿಂದ ಆಗುತ್ತದೆ?"

"ನಮ್ಮ ಮೇಸ್ತ್ರಿ ಒಂದನ್ನೂ ಬಿಟ್ಟವರಲ್ಲ ಧನಿಗಳೇ."

ಮೈದಾನವಿಡೀ ನಕ್ಕಿತು. ಮಥಾಯಸ್ ಬ್ಯಾಟು ಬಿಸಾಡಿ ಮನೆಗೆ ನಡೆದರು. ಅದು ಸಾಲದು. ಅವರು ಅದೇ ಮೈದಾನದಲ್ಲಿ, ಎಲ್ಲರೆದುರು, ಆ ಹೆಂಗಸಿನ ಕ್ಷಮೆ ಕೇಳಬೇಕು.