ಸಾಕು ಅನ್ನೋರು ಯಾರು?

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲದಲ್ಲಿ, ಬೀರಣ್ಣ ಅಂತ ಒಬ್ಬ ಕುರಿ ಕಾಯೋನು ಇದ್ನಂತೆ. ಅವನಿಗೆ ಮೂರು ಮಕ್ಕಳು. ದೊಡ್ಡೋನು ಮಾಳ, ನಡುವಿನೋನು ಸಿದ್ರಾಮ, ಕೊನೇದು ಕೆಂಚಿ. ಒಂದು ಬೇಸಿಗೇಲಿ ಮಂದೆ ಹೊಡ್ಕೊಂಡು ದೂರದ ಸೀಮೆಗೆ ಹೋದಾಗ ಕುರಿಗಳು ಒಂದು ಹೊಂಡದ ನೀರು ಕುಡಿದು ಅರ್ಧಕ್ಕರ್ಧ ಸತ್ತೇಹೋದ್ವಂತೆ. ಈ ನೀರು ವಿಷ, ಮುಟ್ಟಬೇಡಿ ಅಂತ ದಡದ ಕಲ್ಲಲ್ಲಿ ಕೆತ್ತಿದ್ರಂತೆ, ಆದ್ರೆ ಇವರಲ್ಲಿ ಒಬ್ಬರಿಗೂ ಓದೋಕೆ ಬರ್ತಿರ್ಲಿಲ್ಲ. ಬೀರಣ್ಣ ಸತ್ತ ಕುರಿ ಮೈಮೇಲೆ ಕೈಯಿಟ್ಕೊಂಡು ಅತ್ನಂತೆ, ಅತ್ತು ಅತ್ತು ಆಮೇಲೆ, ನನ್ನ ಮನೇಲಿ ಒಬ್ಬರಾದ್ರೂ ಅಕ್ಷರ ಕಲೀಲೇಬೇಕು ಅಂತ ಹಟ ಹಿಡಿದ್ನಂತೆ.

ಕೋಟೆ ಊರಲ್ಲಿ ಒಂದು ಶಾಲೆ ಇತ್ತಂತೆ, ಮುಂಗಾರು ಬಿದ್ದ ಕೂಡ್ಲೆ ಹೊಸ ಮಕ್ಕಳನ್ನ ಸೇರಿಸ್ಕೊಳ್ಳೋರಂತೆ. ಮೊದಲನೇ ವರ್ಷ ಮಾಳ ಹೋದ. ಸಂಜೆಗೇ ವಾಪಸ್ಸು. ಯಾಕೋ ಅಂದ್ರೆ, ಬಾವೀಲಿ ನೀರು ಸೇದು ಅಂದ್ರು, ಸೇದಿದೆ, ಈಗ ಅದನ್ನ ಬಾವಿಗೇ ಸುರಿ ಅಂದ್ರು, ನಂಗೆ ತಲೆಕೆಟ್ಟು ಬಂದ್ಬಿಟ್ಟೆ ಅಂದ್ನಂತೆ. ಮರುವರ್ಷ ಸಿದ್ರಾಮ ಹೋದ. ಅವನು ನೀರೇನೋ ಸೇದಿ ಸುರಿದ, ಆಮೇಲೆ ಇವತ್ತು ನಿನ್ನ ಹೆಸರು ಕುಂಬಳಕಾಯಿ ಅಂದ್ರಂತೆ. ಕುಂಬಳಕಾಯಿ ಬಾ ಇಲ್ಲಿ, ಕುಂಬಳಕಾಯಿ ಹೋಗಲ್ಲಿ. ಹಂಗನ್ನೋರು ಒಬ್ಬರೂ ನಗ್ತಿರ್ಲಿಲ್ಲವಂತೆ. ಅವನೂ ಅಳ್ತಾ ಮನೆಗೆ ಬಂದ.

ಮೂರನೇ ವರ್ಷ ಉಳಿದಿದ್ದು ಕೆಂಚಿ ಒಬ್ಬಳೇ. ನೀನೂ ವಾಪಸ್ ಬಂದ್ರೆ ಇನ್ಯಾರನ್ನ ಕಳಿಸ್ಲಿ ಮಗಳೇ ಅಂತ ಬೀರಣ್ಣ ತಲೆ ಸವರಿ ಕಳಿಸಿದ್ನಂತೆ.

ಹೋದ್ಲು. ಬಾಗಿಲಲ್ಲಿ ಗುರುಬಸವ ಅಂತ, ಆಗ್ಲೇ ಮೀಸೆ ಮೂಡ್ತಿದ್ದ ಹಳೇ ವಿದ್ಯಾರ್ಥಿ, ಬಿಗಿದ ಮುಖ ಮಾಡ್ಕೊಂಡು ನಿಂತಿದ್ದ. ನೀರು ಸೇದು ಅಂದ, ಸೇದಿದ್ಲು. ಸುರಿ ಅಂದ, ಸುರಿದ್ಲು. ನೀನು ಬದನೆಕಾಯಿ ಅಂದ, ಹೂಂ ಅಂದ್ಲು. ಆಮೇಲೆ ಇವಳನ್ನೂ, ತಿಪ್ಪ ಅನ್ನೋ ಒಂದು ಪುಟ್ಟ ಹುಡುಗನನ್ನೂ ಆಲದ ಮರದ ಹತ್ರ ಕರ್ಕೊಂಡು ಹೋಗಿ, ಇದನ್ನ ಸುತ್ತಿ, ಸಾಕು ಅನ್ನೋವರೆಗೂ ನಿಲ್ಲಬೇಡಿ, ನಿಂತೋರು ಮನೆಗೆ ಹೋಗಬೇಕು ಅಂದ.

ಸುತ್ತಿದ್ರು ಸುತ್ತಿದ್ರು ಸುತ್ತಿದ್ರು. ಇದು ಪೂಜೆಯೋ, ಪಾಠವೋ, ನಾನೇನಾದ್ರೂ ತಪ್ಪು ಮಾಡಿದ್ನೋ, ಕೆಂಚಿಗೆ ಒಂದೂ ತಿಳೀಲಿಲ್ಲ. ಬಿಸಿಲು ಏರಿ ಇಳೀತು. ಸಾಕು ಅನ್ನೋರೇ ಇಲ್ಲ. ಅಷ್ಟರಲ್ಲಿ ತಿಪ್ಪ ಬೇರು ಎಡವಿ ದಬಕ್ಕನೆ ಬಿದ್ದ, ಎದ್ದೇಳೋಕೂ ಆಗ್ಲಿಲ್ಲ. ಕೆಂಚಿ ಕಣ್ಮುಂದೆ ಅಪ್ಪನ ಮುಖ ಬಂತಂತೆ. ನಿಂತ್ರೆ ಮನೆಗೆ. ಇನ್ನೊಂದು ಹೆಜ್ಜೆ ಹಾಕಿದ್ಲು, ಆಮೇಲೆ ನಿಂತೇಬಿಟ್ಲು. ಅವನನ್ನ ಎತ್ತಿ ತೊಡೆ ಮೇಲೆ ಮಲಗಿಸ್ಕೊಂಡು, ಅಣ್ಣಾ, ನನ್ನ ಬೇಕಾದ್ರೆ ಕಳಿಸು, ಆದ್ರೆ ಸಾಕು ಅನ್ನೋರು ಯಾರು ಅಂತ ಹೇಳು ಅಂತ ಕೂಗಿದ್ಲಂತೆ.

ಗುರುಬಸವ ಕಣ್ಣುಕಣ್ಣು ಬಿಟ್ಟ. ಸಾಕು ಅನ್ನೋರು ಮೇಷ್ಟ್ರು ಅಂದ. ಕೂಗು ಕೇಳಿ ದಪ್ಪ ಹೊಟ್ಟೆ ಮಲ್ಲರಸ ಮೇಷ್ಟ್ರು ಹೊರಗೆ ಓಡಿಬಂದ್ರು.

ನಾನಾ? ಅದು ನಿನ್ನ ಕೆಲಸ ಅಲ್ವೇನೋ ಅಂದ್ರು.

ಅಯ್ಯೋ ಇಲ್ಲ ಮೇಷ್ಟ್ರೇ, ನೀವು ಅಂತ ನಾವೆಲ್ಲ ಕಾಯ್ತಿದ್ವಿ.

ಹಳೇ ಮೇಷ್ಟ್ರು ತೀರಿಹೋದ ಮೇಲೆ ಸಾಕು ಅನ್ನೋರೇ ಇಲ್ಲದೆ ಹೋಗಿದ್ರಂತೆ ನೋಡು. ಅಲ್ಲಿಂದೀಚೆಗೆ ಬಂದ ಮಕ್ಕಳೆಲ್ಲ ಅವತ್ತೇ ಓಡಿಹೋಗೋರು, ಯಾಕೆ ಯಾರೂ ನಿಲ್ತಿಲ್ಲ ಅಂತ ಈ ಮೇಷ್ಟ್ರು ಒಳಗೆ ಕೂತು ತಲೆ ಕೆರ್ಕೊಳ್ಳೋರು. ಹಳೇ ಮೇಷ್ಟ್ರು ಹೆಂಗೆ ಮಾಡ್ತಿದ್ರು ಅಂತ ಕೆಂಚಿ ಕೇಳಿದ್ಲು. ಗುರುಬಸವ ಯೋಚಿಸಿ ಯೋಚಿಸಿ ಹೇಳಿದ್ನಂತೆ. ಬಾವಿಗೆ ಸುರಿಯೋ ನೀರಲ್ಲಿ ಅರ್ಧ ನಮ್ಮ ತಲೆಗೇ ಎರಚೋರು. ಮೊದಲು ತಮಗೇ ಹಾಗಲಕಾಯಿ ಅಂತ ಹೆಸರಿಟ್ಕೊಳ್ಳೋರು. ಮರಾನ ನಮ್ಮ ಜೊತೆ ಅವರೂ ಸುತ್ತೋರು, ಅವರಿಗೆ ಸುಸ್ತಾದಾಗ ಸಾಕು ಸಾಕು ಅನ್ನೋರು.

ಮತ್ತೆ ಅದನ್ಯಾಕೆ ಬಿಟ್ರಿ ಅಂದ್ಲು.

ಅದು ಆಟ ಅಂತ ಮರ್ತೇಹೋಯ್ತು ತಂಗಿ, ಶಾಸ್ತ್ರ ಅನ್ಕೊಂಡ್ವಿ ಅಂದ.

ಮಲ್ಲರಸ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ನಾನು ಸೋರೆಕಾಯಿ, ಬನ್ನಿ ಅಂತ ಓಡೋಕೆ ಶುರು ಮಾಡಿದ್ರಂತೆ. ಒಂದೇ ಸುತ್ತು. ಹೊಟ್ಟೆ ಹಿಡ್ಕೊಂಡು, ಸಾಕ್ರಪ್ಪೋ ಸಾಕು ಅಂತ ಬೇರಿನ ಮೇಲೆ ಕುಸಿದ್ರು. ತಿಪ್ಪ ಮೊದಲು ನಕ್ಕ, ಆಮೇಲೆ ಕೆಂಚಿ, ಆಮೇಲೆ ಇಡೀ ಶಾಲೇನೇ ನಕ್ಕಿತಂತೆ. ಎಲ್ರೂ ಸಾಲಾಗಿ ಕೂತು ಬಿಸಿಬಿಸಿ ಮುದ್ದೆ ಉಂಡ್ರಂತೆ.

ಮಾರನೇ ದಿನ ಮೇಷ್ಟ್ರೇ ಕುರಿಹಟ್ಟಿಗೆ ನಡ್ಕೊಂಡು ಹೋಗಿ, ತಪ್ಪಾಯ್ತು ಬೀರಣ್ಣ, ಅಂತ ಮಾಳನ್ನೂ ಸಿದ್ರಾಮನ್ನೂ ಕರ್ಕೊಂಡು ಬಂದ್ರಂತೆ. ಕೆಂಚಿಗೆ ಎಷ್ಟೋ ದಿನ ಅ ಯಾವುದು, ಆ ಯಾವುದು ಅಂತ ಒಂದೇ ಗಲಿಬಿಲಿ. ತಿಳೀಲಿಲ್ಲ ಮೇಷ್ಟ್ರೇ ಅನ್ನೋಳಂತೆ, ಅವರು ಇನ್ನೊಂದ್ಸಲ ಬರೆಯೋರಂತೆ, ಮರಳಿನ ಮೇಲೆ, ಇವಳ ಬೆರಳು ಹಿಡ್ಕೊಂಡು.

ಹೀಗೆ ಅವರೆಲ್ಲ ಅಲ್ಲಿ ಸುಖವಾಗಿದ್ರು, ನಮ್ಮ ಕತೆ ಇಲ್ಲಿಗೆ ಮುಗೀತು. ಮಲ್ಕೋ ಕಂದಾ.