ಕೋಡಿ ಮುಚ್ಚಿಸಿದ ನರಿ

ಒಂದು ಕಾಡಿನಲ್ಲಿ ಕೆಂಚಿ ಎಂಬ ಕಡವೆ ತನ್ನ ಒಂದೇ ಒಂದು ಮರಿಯೊಂದಿಗೆ ಕೆರೆಯ ಪಕ್ಕ ಬದುಕುತ್ತಿತ್ತು. ಕೆರೆಗೆ ಒಂದು ಕಡೆಯಿಂದ ತೊರೆ ಬಂದು ಸೇರುತ್ತಿತ್ತು. ಇನ್ನೊಂದು ಕಡೆ ಕೋಡಿಯಿಂದ ನೀರು ಹರಿದು ಹೋಗುತ್ತಿತ್ತು.

ಬೇಸಿಗೆ ಬಂತು. ನರಿ ಎಲ್ಲರನ್ನೂ ಸೇರಿಸಿತು. "ನೀರು ಸುಮ್ಮನೆ ಪೋಲಾಗ್ತಿದೆಯಲ್ಲ! ಕೋಡಿ ಮುಚ್ಚಿಬಿಡಿ. ನಿಮ್ಮ ಮಕ್ಕಳುಮರಿಗೋಸ್ಕರ ಹೇಳ್ತಿದ್ದೀನಿ" ಎಂದಿತು. ಹೌದಪ್ಪಗಳಿಗೆ ಯಾವ ಕಾಡಿನಲ್ಲೂ ಬರವಿಲ್ಲ. ಎಲ್ಲವೂ ತಲೆಯಾಡಿಸಿದವು, ಕೆಂಚಿಯೂ ಆಡಿಸಿತು. ಕಾಡುಹಂದಿಗಳು ಮೂತಿಯಿಂದ ಮಣ್ಣು ನೂಕಿ ಕೋಡಿ ಮುಚ್ಚಿದವು.

ಸಗಣಿ, ಗಂಜಲ, ಕೊಳೆತ ಎಲೆ ಎಲ್ಲವೂ ನಿಂತ ನೀರಿನಲ್ಲೇ ಉಳಿದವು. ಅದನ್ನೇ ಉಂಡು, ಬಿಸಿಲು ಕಾದು, ನೀಲಿ-ಹಸಿರು ಪಾಚಿ ಬೆಳೆಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವ, ಆದರೆ ಕೋಟಿಗಟ್ಟಲೆ. ಒಡಲಲ್ಲಿ ಗಾಳಿ ತುಂಬಿಕೊಂಡು ಮೇಲೆ ತೇಲಿ ಹಾಲಿನ ಕೆನೆಯ ಹಾಗೆ ಹರಡಿತು. ಕೆಳಗಿನ ಮೀನುಗಳಿಗೆ ಉಸಿರು ಕಟ್ಟಿತು. ಬೆಳಗಾದರೆ ಅವು ಬಾಯಿ ಬಾಯಿ ಬಿಡುತ್ತ ಮೇಲೆ ಬರುತ್ತಿದ್ದವು. ನರಿ ದಡದಲ್ಲೇ ಕೂತು ಹಿಡಿದು ತಿನ್ನುತ್ತಿತ್ತು. ಆ ದುರುಳನಿಗೆ ಬೇಕಾದದ್ದೂ ಅದೇ!

ಒಂದು ದಿನ ಕೆಂಚಿಯ ಮರಿ ಆ ಹಸಿರು ನೀರು ಕುಡಿಯಿತು. ಮಧ್ಯಾಹ್ನದ ಹೊತ್ತಿಗೆ ಕಾಲು ನಡುಗಿ ಬಿದ್ದಿತು. ಮತ್ತೆ ಏಳಲಿಲ್ಲ.

"ಪಾಪ, ಹಣೆಬರಹ" ಎಂದಿತು ನರಿ.

ಕೆಂಚಿಗೆ ಮೈಯೆಲ್ಲ ಉರಿಯಿತು. "ಹಣೆಬರಹವಾ? ನೀನೂ ಇದೇ ಕೆರೆಯ ನೀರು ಕುಡೀತೀಯ. ನಿನಗೇನೂ ಆಗಿಲ್ಲವಲ್ಲ!"

"ನಾನು ಗಾಳಿ ನೋಡಿ ಕುಡೀತೀನಿ. ಗಾಳಿ ಪಾಚಿಯನ್ನು ಆ ದಡಕ್ಕೆ ತಳ್ಳಿದರೆ ನಾನು ಈ ದಡದಲ್ಲಿರ್ತೀನಿ. ತಲೆ ಇದ್ದವರು ಬದುಕ್ತಾರೆ, ಕೆಂಚಿ."

"ವಿಷ ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ಲವೇನೋ, ಪಾಪಿ!"

ಕೆಂಚಿ ಕೋಡಿಯ ಕಡೆಗೆ ನುಗ್ಗಿ ಗೊರಸಿನಿಂದ ಮಣ್ಣು ಒದೆಯತೊಡಗಿತು. "ಅಯ್ಯೋ, ನನ್ನ ಮೀನು!" ಎಂದು ನರಿ ತಡೆಯಲು ಓಡಿತು. ಅಷ್ಟರಲ್ಲಿ ಕೋಡಿ ಒಡೆದು, ಕಾಲಡಿಯ ಮಣ್ಣು ಕುಸಿದು ನರಿ ನೀರಿಗೆ ಬಿತ್ತು. ಅಲ್ಲೇ ದಟ್ಟವಾಗಿದ್ದ ಪಾಚಿಯಲ್ಲಿ ನರಿ ಉರುಳಾಡಿ, ಒದ್ದಾಡಿ, ಹೇಗೋ ದಡ ಹತ್ತಿತು. ರೋಮದ ತುಂಬ ಹಸಿರು ಲೋಳೆ. "ಛೀ!" ಎಂದು ಕೂತು, ಅಭ್ಯಾಸಬಲದಿಂದ ಮೈ ನೆಕ್ಕಿಕೊಳ್ಳತೊಡಗಿತು.

"ನೆಕ್ಕಬೇಡ ಅಂತ ಹೇಳೋಣವೇನೇ?" ಎಂದು ಮುದಿ ಕಾಡೆಮ್ಮೆ ಮೆಲ್ಲಗೆ ಕೇಳಿತು.

"ಯಾಕಜ್ಜಿ? ಅವನು ತಲೆ ಇದ್ದವನು" ಎಂದಿತು ಕೆಂಚಿ. ಹಿಂತಿರುಗಿಯೂ ನೋಡದೆ ತನ್ನ ಮರಿಯ ಪಕ್ಕ ಹೋಗಿ ನಿಂತಿತು.

ಹೊತ್ತು ಮುಳುಗುವ ಮೊದಲೇ ನರಿಯ ಕಾಲೂ ನಡುಗಿತು.

ನೀತಿ: ಎಲ್ಲರೂ ಕುಡಿಯುವ ನೀರನ್ನು ಕೆಡಿಸಿದವನು ಯಾವ ದಡದಲ್ಲಿ ನಿಂತರೂ ಉಳಿಯುವುದಿಲ್ಲ.