ಹಬ್ಬದ ಪಾಲು ಕೇಳಿದ ಇಲಿ

ಎಲ್ಲ ಹಾಡಿಗೂ ಮುನ್ನ ನೆನೆಯಬೇಕಾದ ವಿನಾಯಕನ ಅಡಿಗಳಿಗೆ ಶರಣು.

ಚೌತಿಯ ಸಂಜೆ ನಮ್ಮ ಬಡಾವಣೆಯ ಸಂಗೀತ ಶಾಲೆಯಲ್ಲಿ ಮಕ್ಕಳು ಗಣಪನ ಮುಂದೆ ಕಣ್ಣುಮುಚ್ಚಿ ಕೂತಿದ್ದರು. ಮೃದಂಗ ನುಡಿದೊಡನೆ ಹಾಡು ಶುರುವಾಗಬೇಕು. ಮೇಷ್ಟ್ರು ಮೃದಂಗದ ಎಡಗಡೆಗೆ ಕಲಸಿದ ರವೆ ಮೆತ್ತಿ, ಆ ಬದಿ ಮೇಲಾಗುವಂತೆ ನಿಲ್ಲಿಸಿ, ಕೈತೊಳೆಯಲು ಹೋದರು. ರವೆಯಿಲ್ಲದಿದ್ದರೆ ಮೃದಂಗಕ್ಕೆ ಆ ತುಂಬುದನಿ ಬರುವುದಿಲ್ಲ.

ಆಗ ಇಲಿಯೊಂದು ಮೃದಂಗದ ಮುಂದೆ ಬಂದು ಮೀಸೆ ಕುಣಿಸಿತು. "ನಾನು ಯಾರ ವಾಹನ ಗೊತ್ತೇನಯ್ಯಾ? ಹಬ್ಬದ ಪಾಲು ತೆಗೆ."

"ಈ ರವೆ ಸ್ವಾಮಿಯ ಹಾಡಿಗೆ. ಕೊಡುವುದಿಲ್ಲ" ಎಂದಿತು ಮೃದಂಗ.

"ಹಾಗಾದರೆ ನಿನ್ನ ಚರ್ಮವನ್ನೇ ಹರಿದುಬಿಡುತ್ತೇನೆ."

"ಹರಿಯಿರಿ. ಚೂರು ಉಳಿದರೂ ಅವನಿಗಾಗಿಯೇ ನುಡಿಯುತ್ತೇನೆ. ಅವನ ಹೆಸರು ಹೇಳಿಕೊಂಡು ವಸೂಲಿಗೆ ಬಂದವರಿಗೆ ಒಂದು ಕಾಳೂ ಇಲ್ಲ, ಇಲಿರಾಯರೇ."

ಇಲಿ ಸಿಟ್ಟಿನಿಂದ ರವೆಯ ಮೇಲೆ ಹಾರಿತು. ಮೃದಂಗ ಘುಂ ಎಂದಿತು. ಬೆಚ್ಚಿದ ಇಲಿ ಜಾರಿ ಉರುಳುತ್ತ ಹೋಗಿ ಗಣಪನ ಪಾದದ ಬಳಿ ಬಿತ್ತು. ಮೇಷ್ಟ್ರೇ ನುಡಿಸಿದರೆಂದುಕೊಂಡು ಮಕ್ಕಳು ಹಾಡತೊಡಗಿದರು.

"ವಾಹನ ಇರಬೇಕಾದ ಜಾಗ ಅದೇ" ಎಂದಿತು ಮೃದಂಗ. "ಅಲ್ಲೇ ಕೂತು ಕೇಳಿ."

ಈ ಕಥೆ ಕೇಳಿದ ನಿಮ್ಮೆಲ್ಲರನ್ನೂ ಸ್ವಾಮಿ ತನ್ನ ಪಾದದ ಬಳಿಯೇ ಕೂರಿಸಿಕೊಳ್ಳಲಿ.